ಮುಚ್ಚಳ ತೆಗೆಯದ ಪಂಡಿತ

ಹೆಂಡತಿಯ ಮನಸ್ಸಿನಲ್ಲಿ ಏನಿದೆ ಎಂದು ಮೂವತ್ತೆಂಟು ವರ್ಷ ಸಂಸಾರ ಮಾಡಿಯೂ ಹೇಳಲಾರದ ಗಾರ್ಡನ್ ಪೆಟ್ರಿ, ರಬ್ಬರ್ ಕೀಲಿಗಳ ಹಳೆಯ ಮನೆ-ಕಂಪ್ಯೂಟರಿನ ಒಳಗೆ ಏನಿದೆ ಎಂದು ಮುಚ್ಚಳ ತೆಗೆಯದೆಯೇ ಹೇಳಬಲ್ಲವನಾಗಿದ್ದ. (ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ.) ಕಂಪನಿಯವರು ಒಳಗಿನ ಬೋರ್ಡನ್ನು ಹಲವು ಸಲ ಬದಲಾಯಿಸಿದ್ದರು, ಹೊರಗಿನ ಕರಿ ಡಬ್ಬಿ ಮಾತ್ರ ಅದೇ. ಮೊದಲನೆಯ ಬೋರ್ಡಿಗೆ ಎಲ್ಲಿಲ್ಲದ ಗೌರವ. ನಲವತ್ತು ವರ್ಷದ ಯಂತ್ರಕ್ಕೆ ಸ್ಕ್ರೂಡ್ರೈವರ್ ಮುಟ್ಟಿಸುವುದು ಡಂಡೀ ಊರಿನ ಹಳೆ-ಕಂಪ್ಯೂಟರ್ ಪ್ರಿಯರ ಸಂಘದಲ್ಲಿ ಮಹಾಪಾಪವಾದ್ದರಿಂದ, ಹೊರಗಿನಿಂದಲೇ ನೋಡಿ ಪ್ರಮಾಣಪತ್ರ ಕೊಡುವ ಪರೀಕ್ಷಕನ ಪಟ್ಟ ಗಾರ್ಡನ್ನನದು.

ಆ ಶನಿವಾರ ಚರ್ಚಿನ ಹಿಂದಿನ ಹಾಲಿನಲ್ಲಿ ಆರ್ಚಿ ಗೀಕಿ ಒಂದು ಯಂತ್ರ ತಂದಿಟ್ಟ. ಪರೀಕ್ಷಕನ ಕುರ್ಚಿಯ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು.

"ಹೇಳಪ್ಪ ಪಂಡಿತ, ಎಷ್ಟನೇ ಬೋರ್ಡು? ನೀನು ಹೇಳಿದ್ಮೇಲೆ ನಾನೇ ಬಿಚ್ತೀನಿ. ತಪ್ಪಾದ್ರೆ ಕುರ್ಚಿ ಬಿಡು."

ಬ್ರೈಡಿ ಎಂಬ ಮಾಂಸದ ಕಡುಬು ಕಚ್ಚುತ್ತಿದ್ದ ಬಾಯಿಗಳು ಅಲ್ಲಲ್ಲೇ ನಿಂತವು. ಈ ಕುರ್ಚಿಯೂ ಹೋದರೆ ಲೋಕದಲ್ಲಿ ಗಾರ್ಡನ್ನನ ಮಾತು ಕೇಳುವವರು ಯಾರು? ಮನೆಯಲ್ಲಿ ಬೆಕ್ಕೂ ಕೇಳುತ್ತಿರಲಿಲ್ಲ.

ಕೀಲಿಗಳು ತಿಳಿಬೂದು: ಮೊದಲನೆಯ ಬೋರ್ಡಿನ ಲಕ್ಷಣ. ಹಿಂದಿನ ಕಿಂಡಿಗೆ ಟಾರ್ಚ್ ಬಿಟ್ಟು ನೋಡೋಣವೆಂದರೆ ಅಲ್ಲಿಗೆ ಸಿಕ್ಕಿಸಿದ್ದ ಯಾವುದೋ ಉಪಕರಣ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಯಂತ್ರವನ್ನು ಮಗುಚಿದ. ಟೀ ಹಂಚುತ್ತಿದ್ದ ಹೆಂಡತಿ ಸೆಂಗಾ ಬಗ್ಗಿ ನೋಡಿದಳು.

"ಗಾರ್ಡನ್, ಮೊದಲ್ನೇದು ಅನ್ಬೇಡ."

"ನೀನು ಟೀ ನೋಡ್ಕೋ. ಇದು ಶಾಸ್ತ್ರ."

"ಶಾಸ್ತ್ರ ನಿಂದು, ಮಾನ ಇಬ್ರದೂ. ಅನ್ಬೇಡ ಅಂದೆ."

ವಿನಾಶಕಾಲೇ ವಿಪರೀತ ಬುದ್ಧಿ. "ಮೊದಲನೇದು," ಎಂದುಬಿಟ್ಟ.

ಆರ್ಚಿ ಐದು ಸ್ಕ್ರೂಗಳನ್ನು ಬೇಕೆಂದೇ ನಿಧಾನವಾಗಿ ಬಿಚ್ಚಿದ. ಮುಚ್ಚಳ ಎದ್ದಿತು. ಬೋರ್ಡಿನ ಮೇಲೆ ಸ್ಪಷ್ಟವಾಗಿ ಅಚ್ಚಾಗಿತ್ತು: ಮೂರು.

"ನಿಂಗೆ ಹೇಗೆ ಗೊತ್ತಾಯ್ತು?" ಗಾರ್ಡನ್ ಹೆಂಡತಿಯ ಕಡೆ ತಿರುಗಿದ.

"ಮದುವೆಗೆ ಮುಂಚೆ ಈ ಯಂತ್ರದ ಕಾರ್ಖಾನೇಲಿ ಏನು ಮಾಡ್ತಿದ್ದೆ ಅಂತ ಒಂದಿನ ಕೇಳಿದೀಯಾ? ರಿಪೇರಿ ಬೆಂಚಲ್ಲಿದ್ದೆ. ಹಳೇ ಡಬ್ಬಿಗೆ ಹೊಸ ಬೋರ್ಡು ಹಾಕಿದೋಳು ಅಡೀಲಿ ನೇಲ್ ಪಾಲಿಶ್ ಚುಕ್ಕಿ ಇಡ್ಬೇಕು. ನಂದು ಕೆಂಪು. ನೋಡು, ಅಲ್ಲಿದೆ."

ಗಾರ್ಡನ್ ಬಗ್ಗಿ ನೋಡಿದ. "ಆ ಕೆಂಪು ಚುಕ್ಕೀನಾ? ಹನ್ನೊಂದು ವರ್ಷದಿಂದ ಅದನ್ನ ಕೊಳೆ ಅಂತ ಒರೆಸಿ ಒರೆಸಿ, ಆಮೇಲೆ ಪ್ರಮಾಣಪತ್ರ ಕೊಟ್ಟಿದೀನಿ ಕಣೇ. ಸೋಪಿಗೂ ಜಗ್ತಿರ್ಲಿಲ್ಲ."

ಹಾಲಿನಲ್ಲಿ ಒಬ್ಬೊಬ್ಬರಾಗಿ ತಮ್ಮ ಯಂತ್ರ ಮಗುಚಿದರು. ಆರ್ಚಿ ಕುರ್ಚಿಯ ಕಡೆ ನೋಡಲೂ ಇಲ್ಲ. ಸ್ಕ್ರೂಡ್ರೈವರನ್ನು ಪಕ್ಕದವನ ಕೈಗೆ ಕೊಟ್ಟ.

ಸೆಂಗಾ ಟೀ ಪಾತ್ರೆ ಕೆಳಗಿಟ್ಟು ಗಂಡನನ್ನೇ ದಿಟ್ಟಿಸಿದಳು.

"ಹಾಗಾದ್ರೆ ನನ್ನ ಪಾಲಿಶ್ ಅಳಿಸೋ ಸೀಸೆ ತಿಂಗಳಿಗೊಂದು ಖಾಲಿ ಮಾಡ್ತಿದ್ದೋನು ನೀನು. ಪಾಪ, ನಾನು ನಿನ್ನ ತಂಗೀನ ಮನೆಗೆ ಸೇರಿಸೋದೇ ಬಿಟ್ಟಿದ್ದೆ."