ಬೀಳದೆ ನಿಂತ ಸೈಟು

ಓಣಂ ಹಬ್ಬದ ಮುಖ್ಯ ದಿನವಾದ ತಿರುವೋಣದಂದು ಅತ್ತೆಯ ಮನೆಯಲ್ಲಿ ಎಲೆ ಮುಂದೆ ಕೂತು ಉಣ್ಣಬೇಕು. ಬಾಹುಲೇಯನ್‌ನದು ಅಷ್ಟೇ ಆಸೆ. ಮದುವೆಯಾದಾಗಿನಿಂದ ಒಂದು ಓಣಕ್ಕೂ ಅದು ಕೈಗೂಡಿರಲಿಲ್ಲ. ಕೊಚ್ಚಿಯ ಮನೆಮನೆಗೆ ಓಣದೂಟ ಕಳಿಸುವ ಕಂಪನಿಯಲ್ಲಿ, ಎಷ್ಟು ಆರ್ಡರ್ ಬರುತ್ತದೆ, ಅದನ್ನು ತಾಳಲು ವೆಬ್‌ಸೈಟಿಗೆ ಎಷ್ಟು ಸರ್ವರ್ ಕಂಪ್ಯೂಟರ್ ಬೇಕು ಎಂದು ಮೊದಲೇ ಅಂದಾಜು ಕಟ್ಟುವುದು ಅವನ ಕೆಲಸ. ಪ್ರತಿ ವರ್ಷ ಹಬ್ಬದ ಬೆಳಿಗ್ಗೆ ಆರ್ಡರುಗಳ ಭಾರಕ್ಕೆ ಸೈಟು ಮಕಾಡೆ ಮಲಗುತ್ತಿತ್ತು. ಇವನು ಕ್ಯಾಂಟೀನಿನ ಬನ್ನು ತಿನ್ನುತ್ತ ಸಂಜೆಯವರೆಗೆ ಅದನ್ನು ಎಬ್ಬಿಸುತ್ತಿದ್ದ.

ಈ ಸಲವೂ ಮ್ಯಾನೇಜರ್ ವರ್ಗೀಸ್ ಹಳೇ ರಾಗವನ್ನೇ ಎಳೆದಿದ್ದರು. "ಹೋದ ವರ್ಷದಷ್ಟೇ ಬರುತ್ತೆ ಅಂತ ಬರ್ಕೊಳಯ್ಯ."

"ಸಾರ್, ಅದು ಸೈಟು ಬೀಳೋ ಮುಂಚೆ ಒಳಗೆ ನುಸುಳಿದ್ದು ಮಾತ್ರ. ಬಾಗಿಲಿಂದಲೇ ವಾಪಸ್ ಹೋದೋರು?"

"ಹೋದೋರನ್ನ ಎಣಿಸೋಕೆ ನಿಂಗೆ ಸಂಬಳ ಕೊಡ್ತೀವೇನಯ್ಯ?"

ಬಾಹುಲೇಯನ್ ಹಲ್ಲು ಕಡಿದುಕೊಂಡು ಹೋದವರನ್ನೂ ಎಣಿಸಿದ. ಕಾಡಿ ಬೇಡಿ ಮೂರು ಪಟ್ಟು ಸರ್ವರ್ ಹಾಕಿಸಿದ. ಮಧ್ಯಾಹ್ನದವರೆಗೆ ಸೈಟು ಬೀಳದೆ ನಿಂತರೆ ಅವನು ಮನೆಗೆ ಹೋಗಬಹುದು ಎಂದು ವರ್ಗೀಸ್ ಮಾತು ಕೊಟ್ಟರು.

ಹಬ್ಬದ ಬೆಳಿಗ್ಗೆ ಇಡೀ ಆಫೀಸೇ ಅವನ ಬೆನ್ನ ಹಿಂದೆ ನಿಂತಿತ್ತು. ರಿಸೆಪ್ಷನ್ನಿನ ಶೋಶಾಮ್ಮ ಘಳಿಗೆಗೊಮ್ಮೆ ಇಣುಕುತ್ತಿದ್ದಳು.

"ಬಿತ್ತಾ?"

"ಇಲ್ಲ ಚೇಚಿ."

"ಈಗ?"

"ಅಯ್ಯೋ, ಹೆಣ ಕಾಯೋ ಥರ ನಿಂತ್ಕೋಬೇಡಿ, ದಮ್ಮಯ್ಯ!"

ಆರ್ಡರುಗಳು ನುಗ್ಗಿದವು. ಸೈಟು ಅಲ್ಲಾಡಲಿಲ್ಲ. ಶೋಶಾಮ್ಮ ಬೇಸರಪಟ್ಟು ಹೊರಟೇ ಹೋದಳು. ಮಧ್ಯಾಹ್ನವಾದದ್ದೇ ಬಾಹುಲೇಯನ್ ಹೆಗಲಿಗೆ ಬ್ಯಾಗು ಏರಿಸಿದ. ಹೊಟ್ಟೆ ಆಗಲೇ ಪಾಯಸದ ಕನಸು ಕಾಣುತ್ತಿತ್ತು.

ಅಷ್ಟರಲ್ಲಿ ಅಡುಗೆಮನೆಯ ಯಜಮಾನ ಪೊನ್ನಪ್ಪನ್ ಸೌಟು ಹಿಡಿದೇ ಒಳಗೆ ನುಗ್ಗಿದ.

"ಯಾಕೋ ಬೀಳ್ಲಿಲ್ಲ ನಿನ್ ಸೈಟು?"

"ಬೀಳಬಾರದು ಅಂತಲೇ ಅಲ್ವಾ ಚೇಟ್ಟಾ ಇಷ್ಟು ಒದ್ದಾಡಿದ್ದು!"

"ಹಾಳಾಗ್ ಹೋಗ! ಅದು ಬೀಳೋವರೆಗೆ ಎಷ್ಟು ಆರ್ಡರ್ ಬರುತ್ತೋ ಅಷ್ಟಕ್ಕೇ ನಾನು ಅಕ್ಕಿ ಹಾಕೋದು. ವರ್ಷಾ ವರ್ಷಾ ಸರಿಯಾಗಿ ಸಾಕಾಗ್ತಿತ್ತು. ಈಗ ಅವಿಯಲ್ ಇಲ್ಲ, ಪಾಯಸ ಇಲ್ಲ. ಆರ್ಡರ್ ಮಾತ್ರ ಬರ್ತಾನೇ ಇದೆ!"

ಬಾಹುಲೇಯನ್ ಬ್ಯಾಗು ಕೆಳಗಿಟ್ಟ. ಅವನ ಅಂದಾಜಿನಲ್ಲಿ ಯಂತ್ರವಿತ್ತು, ತಂತಿಯಿತ್ತು, ಕರೆಂಟು ಹೋದರೆ ಜನರೇಟರೂ ಇತ್ತು. ಒಲೆಯೊಂದು ಮರೆತೇ ಹೋಗಿತ್ತು.

"ನಿಂತ್ಕೊಂಡು ಏನ್ ನೋಡ್ತೀಯ?" ವರ್ಗೀಸ್ ಕಿರುಚಿದರು. "ಮೊದಲು ಅದನ್ನ ಕೆಡವು!"

ತಿಂಗಳುಗಟ್ಟಲೆ ಕಷ್ಟಪಟ್ಟು ಬೀಳದಂತೆ ನಿಲ್ಲಿಸಿದ ಸೈಟನ್ನು ಬಾಹುಲೇಯನ್ ತನ್ನ ಕೈಯಾರೆ ಬೀಳಿಸಿದ. ಅಳು ಬರುವುದೊಂದು ಬಾಕಿ. ಅದಕ್ಕೂ ಪುರುಸೊತ್ತು ಕೊಡದೆ, ಗಿರಾಕಿಗಳ ಬೈಗುಳ ಕೇಳಲು ಅವನನ್ನೇ ಫೋನಿನ ಮುಂದೆ ಕೂರಿಸಿದರು.

"ಹಲೋ" ಎಂದ, ಸೋತ ದನಿಯಲ್ಲಿ.

"ಎಲ್ಲೋ ನಮ್ಮ ಊಟ?" ಆ ಕಡೆಯ ಗುಡುಗು ಕೇಳಿ ಅವನು ಕುರ್ಚಿಯಿಂದ ಎದ್ದೇ ನಿಂತ. ಅತ್ತೆ! "ಎಲೆ ಹಾಸ್ಕೊಂಡು ಕೂತಿದೀವಿ. ನನ್ನ ಅಳಿಯ ನಿಮ್ಮಲ್ಲೇ ಇರೋದು, ಗೊತ್ತಾ? ಮೊದಲನೇ ಸಲ ಓಣದೂಟಕ್ಕೆ ಬರ್ತಿದಾನೆ. ಈ ಸಲ ಸೈಟು ಬೀಳೋದೇ ಇಲ್ಲ ಅಂತ ಎದೆ ತಟ್ಟಿ ಹೇಳಿದ. ಆ ಮಾತು ನಂಬಿ ಒಲೇನೇ ಹಚ್ಚಿಲ್ಲ ನಾನು! ಏನೋ ನಿನ್ ಹೆಸರು? ಅವನಿಗೆ ಹೇಳಿ ನಿನ್ನ ಕೆಲಸದಿಂದ ತೆಗೆಸ್ತೀನಿ!"

ದನಿ ಗುರುತು ಸಿಗದಂತೆ ಬಾಹುಲೇಯನ್ ಮೂಗು ಒತ್ತಿ ಹಿಡಿದ.

"ವರ್ಗೀಸ್" ಎಂದು ಹೇಳಿ ಫೋನಿಟ್ಟು, ಬನ್ನು ತರಲು ಕ್ಯಾಂಟೀನಿಗೆ ಹೊರಟ.