ಕೈ ಹಿಡಿದವನ ಕೈ

ಚಿಜುರುವಿಗೆ ಗಂಡನ ಮೇಲಿದ್ದ ದೂರು ಒಂದೇ: ಅವನು ಮಾತಾಡುವುದಿಲ್ಲ. ಜೂಜಿಲ್ಲ, ಜಗಳವಿಲ್ಲ, ಕುಡಿದರೆ ಬೇಗ ನಿದ್ದೆ. ನಾಲ್ಕು ಜನರ ಮುಂದೆ ಹೇಳಿಕೊಂಡು ಅಳೋಣವೆಂದರೆ ಒಂದು ಒಳ್ಳೆಯ ಕಾರಣವನ್ನೂ ಒದಗಿಸದ ಗಂಡ. ಜಪಾನಿನ ಮಾತ್ಸುಯೆ ಊರಿನ ಕೋಟೆಯ ಹಿಂದಿನ ಬೀದಿಯಲ್ಲಿ ಅವರದೊಂದು ಸೋಬಾ ಅಂಗಡಿ. ಬೆಳಗಾಗುತ್ತಲೇ ಗಂಡ ಮೊರಿಯೋ ಹಿಟ್ಟು ನಾದಿ, ಲಟ್ಟಿಸಿ, ಅಗಲವಾದ ಕತ್ತಿಯಿಂದ ಶಾವಿಗೆಯ ಹಾಗೆ ಕತ್ತರಿಸುತ್ತ ನಿಂತನೆಂದರೆ ಸೋಬಾ ಅಂಗಡಿ ತೆರೆಯಿತು, ಬಾಯಿಯ ಅಂಗಡಿ ಮುಚ್ಚಿತು ಎಂದೇ ಲೆಕ್ಕ. ಬೇಯಿಸುವುದು, ಬಡಿಸುವುದು, ಗಿರಾಕಿಗಳನ್ನು ನಗಿಸುವುದು, ಅವರ ಸೊಸೆಯಂದಿರ ಯೋಗಕ್ಷೇಮ ವಿಚಾರಿಸುವುದು ಎಲ್ಲವೂ ಚಿಜುರುವಿನ ಪಾಲಿಗೆ.

ಇಷ್ಟನ್ನೂ ಅವಳು ಸಹಿಸಿಕೊಂಡಿದ್ದಳು. ಸಹಿಸಲಾಗದೆ ಹೋದದ್ದು, ಇಂಥದೇ ಗಂಡಸರನ್ನು ಟಿ.ವಿ.ಯವರು ನಾಯಕರನ್ನಾಗಿ ಮಾಡುತ್ತಿದ್ದುದನ್ನು. ಧಾರಾವಾಹಿಯ ನಾಯಕ ಒಂದು ಕಂತಿನಲ್ಲಿ ಮೂರೇ ಮಾತಾಡಿದರೆ "ಅಬ್ಬಾ, ಎಂಥ ಆಳವಾದ ಮನುಷ್ಯ!" ಎಂದು ಬೀದಿಯ ಹೆಂಗಸರೆಲ್ಲ ಎದೆ ಹಿಡಿದುಕೊಳ್ಳುತ್ತಿದ್ದರು. ಮೊರಿಯೋ ಅದಕ್ಕಿಂತ ಕಡಿಮೆ ಮಾತಾಡಿದರೆ "ಯಜಮಾನ್ರಿಗೆ ಕಿವಿ ಮಂದ ಆಯ್ತಾ?" ಎಂದು ಕೇಳುತ್ತಿದ್ದರು.

ಆದರೂ ಚಿಜುರು ಧಾರಾವಾಹಿ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಮಗಳು ನಾತ್ಸುಮೆ ಕಿತ್ತಳೆ ಸುಲಿಯುತ್ತ ಕೂತಿರುತ್ತಿದ್ದಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಜಗತ್ತಿನ ಎಲ್ಲ ನರಳಾಟಕ್ಕೂ ಒಂದು ಗುಳಿಗೆ ಇರುತ್ತದೆಂಬ ನಂಬಿಕೆ ಅವಳದು.

"ಅಲ್ಲಮ್ಮಾ, ಈ ಹುಡುಗಿ ಪ್ರತಿ ಕಂತಲ್ಲೂ ಒಂದ್ಸಲ ಎಡವಿ ಬೀಳ್ತಾಳಲ್ಲ, ಇವಳಿಗೆ ರಕ್ತ ಕಮ್ಮಿ ಇರ್ಬೇಕು. ಟೋಕಿಯೋದಲ್ಲಿ ದೊಡ್ಡ ಆಫೀಸನ್ನೇ ನಡೆಸ್ತಿದ್ಲಂತೆ. ಇಲ್ಲಿ ಬಂದು ಏಪ್ರನ್ ದಾರ ಕಟ್ಕೊಳ್ಳೋಕೂ ಬರಲ್ಲ! ಹಿಂದಿನಿಂದ ಅವನೇ ಬಂದು ಕಟ್ಬೇಕು!"

"ಬರುತ್ತೆ ಕಣೇ ಅವಳಿಗೆ."

"ಮತ್ತೆ?"

"ನಂಗೂ ಬರುತ್ತೆ. ಮದುವೆ ಆದಾಗಿಂದ ನಾನೇ ಕಟ್ಕೋತಾ ಇದೀನಿ," ಎಂದಳು ಚಿಜುರು. "ಯಾರಾದ್ರೂ ಒಂದ್ಸಲ ಹಿಂದಿನಿಂದ ಬಂದು ಕಟ್ಟಿದ್ರೆ ಹೇಗಿರುತ್ತೆ ಅಂತ ನೋಡ್ತಾ ಇದೀನಿ, ಅಷ್ಟೇ."

ನಾತ್ಸುಮೆ ಕಿತ್ತಳೆಯ ತೊಳೆಯೊಂದನ್ನು ಅಮ್ಮನ ಕೈಗಿಟ್ಟಳು. "ನಿನ್ನ ವಯಸ್ಸಿನವರಿಗೂ ಒಂದು ಪ್ರೇಮಕಥೆ ಇರ್ಬೇಕಿತ್ತು," ಎಂದಳು.

"ಐವತ್ತು ದಾಟಿದ ಹೆಂಗಸಿಗೆ ಧಾರಾವಾಹಿಯಲ್ಲಿ ಇರೋದು ಎರಡೇ ಕೆಲಸ ಕಣಮ್ಮಾ. ಒಂದು ಸೇಬು ಹೆಚ್ಚೋದು, ಇನ್ನೊಂದು ಆಸ್ಪತ್ರೆ ಮಂಚದ ಮೇಲೆ ಮಲಗಿ 'ಇವಳನ್ನ ಚೆನ್ನಾಗಿ ನೋಡ್ಕೋಪ್ಪಾ' ಅನ್ನೋದು."

ಹೀಗಿರುವಾಗ ಆ ಊರಿಗೇ ಧಾರಾವಾಹಿಯವರು ಬಂದಿಳಿದರು. ಕಥೆ ಒಬ್ಬ ಮೌನಿ ಸೋಬಾದವನದು. ಟೋಕಿಯೋದಿಂದ ಓಡಿಬಂದ ಸಾಯೊ ಎಂಬವಳು ಅವನ ಅಂಗಡಿ ಸೇರುತ್ತಾಳೆ. ಊರಾಚೆಯ ಹಳೆಯ ಸಾಕೆ ಮದ್ಯದ ಗೋದಾಮಿನಲ್ಲಿ ನಾಯಕನ ಅಂಗಡಿ ಎದ್ದು ನಿಂತಿತು. ನಾಯಕನೂ ಬಂದ. ಅವನ ಕಣ್ಣು, ಹುಬ್ಬು, ಕೊರಳು ಎಲ್ಲವೂ ಪ್ರೇಮಕ್ಕೆ ತಕ್ಕಂತಿದ್ದವು, ಕೈಯೊಂದು ಬಿಟ್ಟು. ಅವನು ನಾದಿದ ಹಿಟ್ಟನ್ನು ಬೀದಿನಾಯಿ ಮೂಸಿ ನೋಡಿ, ಕ್ಷಮೆ ಕೇಳುವವರ ಹಾಗೆ ಬಾಲ ಮಡಚಿಕೊಂಡು ಹೋಯಿತಂತೆ. ಕೊನೆಗೆ ಇಶ್ಶಿಕಿ ಎಂಬ ಸಹಾಯಕ ನಿರ್ದೇಶಕಿ ಬಂದು ಮೊರಿಯೋನ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿ, "ಮುಖ ಅವರದು, ಕೈ ನಿಮ್ಮದು. ಒಪ್ಪಿಗೆನಾ ಯಜಮಾನ್ರೇ?" ಎಂದು ಕೇಳಿದಳು.

"ಹೂಂ," ಎಂದ ಮೊರಿಯೋ.

ಅವನು ಅಂಗಡಿಗೆ ರಜೆ ಇದ್ದ ದಿನಗಳಲ್ಲಿ ಗೋದಾಮಿಗೆ ಹೋಗಿ ಬಂದ. ಚಿಜುರು ಬಾಗಿಲಲ್ಲೇ ತಡೆದು, "ಏನೇನಾಯ್ತು? ನಾಯಕಿ ನೋಡೋಕೆ ಹೇಗಿದಾಳೆ?" ಎಂದು ಕೇಳಿದರೆ ಸಿಕ್ಕ ವರದಿ ಒಂದೇ: "ನಾದಿದೆ."

ಪ್ರಸಾರ ಶುರುವಾಯಿತು. ಚಿಜುರು ಅಂಗಡಿಯ ಗೋಡೆಗೆ ದೊಡ್ಡ ಟಿ.ವಿ. ಹಾಕಿಸಿ ಬೀದಿಗೆಲ್ಲ ಆಹ್ವಾನ ಕೊಟ್ಟಳು. ಗಂಡನ ಕೈ ಕಾಣಿಸಿದಾಗಲೆಲ್ಲ "ನಮ್ಮೋರು! ನಮ್ಮೋರು!" ಎಂದು ಘೋಷಿಸುವ ಹೊಗಳುಭಟ್ಟರ ಕೆಲಸವನ್ನು ತಾನೇ ವಹಿಸಿಕೊಂಡಳು. ಪಕ್ಕದ ಚಹಾಪುಡಿ ಅಂಗಡಿಯ ಓಗುಶಿಯಮ್ಮ ಮೊದಲ ಸಾಲು. ಗಂಡ ತೀರಿಕೊಂಡ ಮೇಲೆ ಆಕೆಗೆ ಧಾರಾವಾಹಿಯೇ ಸಂಸಾರ.

ಮೂರನೆಯ ಕಂತಿನಲ್ಲಿ ಆಯಿತು ಅನಾಹುತ. ಸಾಯೊ ನಾದಲು ಬಾರದೆ ಕಣ್ಣೀರು ಹಾಕುತ್ತಾಳೆ. ನಾಯಕ ಮಾತಿಲ್ಲದೆ ಎದುರು ಬಂದು ಕೂರುತ್ತಾನೆ. ಪರದೆಯ ತುಂಬ ಹಿಟ್ಟಿನ ಬೋಗುಣಿ. ಅದರಲ್ಲಿ ಎರಡು ನೀಳ ಬಿಳಿ ಕೈಗಳು. ಅವುಗಳ ಮೇಲೆ ನಿಧಾನವಾಗಿ ಬಂದು ಕೂತವು ಎರಡು ದೊಡ್ಡ ಕೈಗಳು. ಒತ್ತಿದವು, ಹೊರಳಿಸಿದವು, ಬೆರಳ ಸಂದಿಗೆ ಬೆರಳು ಸೇರಿಸಿದವು. ಪಿಟೀಲು ಅಳತೊಡಗಿತು. ದೊಡ್ಡ ಬಲಗೈಯ ಕಿರುಬೆರಳು, ಮೊರಿಯೋನದರ ಹಾಗೇ, ಹೊರಕ್ಕೆ ಸೊಟ್ಟಗಿತ್ತು.

"ನಮ್ಮೋರು," ಎನ್ನಲು ಬಾಯಿ ತೆರೆದ ಚಿಜುರು ಹಾಗೇ ಮುಚ್ಚಿದಳು.

"ಏನು ಕೈಯಪ್ಪಾ!" ಎಂದು ಓಗುಶಿಯಮ್ಮ ಕರವಸ್ತ್ರ ಹಿಂಡಿದರು. "ನಮ್ಮೆಜಮಾನ್ರು ಒಂದೇ ಒಂದ್ಸಲ ಹಾಗೆ ಕೈ ಹಿಡಿದಿದ್ರು. ಭೂಕಂಪ ಆಗಿತ್ತು."

ಎಲ್ಲರೂ ನಕ್ಕರು. ಓಗುಶಿಯಮ್ಮನೂ ನಕ್ಕರು. ಚಿಜುರುವಿಗೆ ಮಾತ್ರ, ತನಗೆ ಒಂದು ಭೂಕಂಪದ ನೆನಪೂ ಇಲ್ಲವಲ್ಲ ಎನ್ನಿಸಿತು. ಮದುವೆಯ ದಿನವೂ ಮೊರಿಯೋ ಹಿಡಿದದ್ದು ಸಾಕೆಯ ಬಟ್ಟಲನ್ನು. (ಅದನ್ನು ಬಹಳ ಪ್ರೀತಿಯಿಂದಲೇ ಹಿಡಿದಿದ್ದ.) ಜನ ಎದ್ದುಹೋಗುವ ತನಕ ನಗುತ್ತಿದ್ದು, ಬಾಗಿಲು ಹಾಕಿ ಬಂದು ಗಂಡನೆದುರು ನಿಂತಳು.

"ನಾದಿದೆ ಅಂದ್ರಲ್ಲ?"

"ನಾದಿದೆ."

"ಯಾರ ಕೈನ?"

ಮೊರಿಯೋ ಯೋಚಿಸಿದ. "ಕೆಲಸ," ಎಂದ.

"ಕೆಲಸವಂತೆ! ಇಷ್ಟು ವರ್ಷ ನಿಮ್ಮ ಪಕ್ಕದಲ್ಲೇ ನಿಂತು ಕೆಲಸ ಮಾಡಿದ್ನಲ್ಲ, ನನ್ನ ಕೈ ಯಾವತ್ತಾದ್ರೂ ನಿಮ್ಮ ಕಣ್ಣಿಗೆ ಬಿತ್ತಾ?"

ಮೊರಿಯೋ ಮರುದಿನದ ಹಿಟ್ಟು ಅಳೆಯಲು ಹೋದ.

ಆದರೆ ಚಿಜುರು ಸಿಟ್ಟಿಗಿಂತ ಆಸೆ ಹೆಚ್ಚಿದ್ದ ಹೆಂಗಸು. ಅಂಥ ಕೈಗಳು ಮನೆಯಲ್ಲೇ ಇವೆ, ಅವಕ್ಕೆ ಹಾಗೆ ಹಿಡಿಯಲು ಬರುತ್ತದೆ ಎಂದು ಗೊತ್ತಾದ ಮೇಲೆ ಅವಳಿಗೆ ನಿದ್ದೆ ಬರುವುದಾದರೂ ಹೇಗೆ? ಮರುದಿನ ಊಟಕ್ಕೆ ಕೂತಾಗ ಮೇಜಿನ ಮೇಲೆ ಅಂಗೈ ಮೇಲಾಗಿ ತನ್ನ ಕೈಯನ್ನು ಅರ್ಥಗರ್ಭಿತವಾಗಿ ಇಟ್ಟಳು. ಮೊರಿಯೋ ಅದನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ತನ್ನ ಖಾಲಿ ಬಟ್ಟಲನ್ನು ಅದರಲ್ಲಿಟ್ಟ.

ಇನ್ನೊಂದು ದಿನ ಧಾರಾವಾಹಿಯ ನಾಯಕಿಯರ ಶಾಸ್ತ್ರವನ್ನೇ ಪ್ರಯೋಗಿಸಿದಳು. ಅವನು ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಪಕ್ಕದಲ್ಲಿ ಹಾದು, "ಅಯ್ಯೋ" ಎಂದು ನಾಜೂಕಾಗಿ ಎಡವಿದಳು. ಮೊರಿಯೋ ಮಿಂಚಿನಂತೆ ಹಾರಿ, ಎರಡೂ ತೋಳು ಚಾಚಿ ಹಿಡಿದುಕೊಂಡ, ಹಿಟ್ಟಿನ ಬೋಗುಣಿಯನ್ನು. ಚಿಜುರು ನೆಲ ಸೇರಿದಳು. ಮಂಡಿಗೆ ಮುಲಾಮು ಹಚ್ಚುತ್ತ ನಾತ್ಸುಮೆ, "ನಂಗೊತ್ತಿತ್ತು, ಈ ಧಾರಾವಾಹಿ ನೋಡಿದ್ರೆ ಯಾರಿಗಾದ್ರೂ ಪೆಟ್ಟಾಗುತ್ತೆ ಅಂತ," ಎಂದಳು. ಬಾಗಿಲ ಹೊರಗೆ ಮೊರಿಯೋ ಆಚೀಚೆ ಓಡಾಡುವ ಸದ್ದು ಕೇಳುತ್ತಿತ್ತು. ಒಳಗೆ ಬರಲಿಲ್ಲ.

ಕೊನೆಯ ಕಂತಿನ ಚಿತ್ರೀಕರಣ ಹತ್ತಿರವಾದಾಗ ಇಶ್ಶಿಕಿ ಓಡುತ್ತ ಬಂದಳು. "ಯಜಮಾನ್ರೇ, ದೊಡ್ಡ ಪೇಚಾಟ! ಕುವಬಾರಾ ಕೈ ಸುಟ್ಕೊಂಡ!"

"ಯಾರದು ಕುವಬಾರಾ?" ಎಂದಳು ಚಿಜುರು.

"ನಮ್ಮ ಲೈಟಿನವನು. ನಾಯಕಿ ಕೈ ಅವನದೇ ಅಲ್ವಾ."

"ಏನು?"

"ನಾಯಕಿಗೆ ಸೋಬಾ ಹಿಟ್ಟು ಮುಟ್ಟಿದ್ರೆ ಮೈಯೆಲ್ಲ ದದ್ದು ಏಳುತ್ತೆ ಅಮ್ಮಾ. ಆ ದಿನ ಊರಿಗೇ ಬಂದಿರ್ಲಿಲ್ಲ ಅವ್ರು. ಕುವಬಾರಾ ಕೈ ಸ್ವಲ್ಪ ನೀಳವಾಗಿದೆ, ಕೂದಲು ತೆಗೆದು ಬಣ್ಣ ಹಚ್ಚಿದ್ವಿ. ಯಜಮಾನ್ರು ಹೇಳಿಲ್ವಾ?"

ಚಿಜುರು ಗಂಡನ ಕಡೆ ತಿರುಗಿದಳು. ಇಷ್ಟು ದಿನ ಅವಳು ಹೊತ್ತು ತಿರುಗಿದ ಸವತಿಮಾತ್ಸರ್ಯವೆಲ್ಲ ಮೀಸೆ ಬಿಟ್ಟ ಒಬ್ಬ ಲೈಟಿನವನ ಪಾಲಾಗಿತ್ತು.

"ಹೇಳೋಕೇನಾಗಿತ್ತು ನಿಮಗೆ?"

"ಯಾರ ಕೈ ಅಂತ ನೀನು ಕೇಳ್ದೆ. ಬೈಯೋಕೆ ಶುರು ಮಾಡ್ದೆ," ಎಂದ ಮೊರಿಯೋ. ಅವನ ಮಟ್ಟಿಗೆ ಅದೊಂದು ಭಾಷಣ.

ಇಶ್ಶಿಕಿಯ ಕಣ್ಣು ಆಗ ಚಿಜುರುವಿನ ಕೈಗಳ ಮೇಲೆ ಬಿತ್ತು. ಬಿಸಿನೀರಲ್ಲಿ ಬೆಂದ ಕೈಗಳು. ಆದರೂ ಬೆರಳು ನೀಳ. "ಅಮ್ಮಾ, ನೀವೇ ಯಾಕೆ ಬರಬಾರ್ದು?"

ಚಿಜುರು ಬೇಡವೆಂದಳು. ನಾಚಿಕೆಯಾಗುತ್ತದೆಂದಳು. ಅಂಗಡಿ ಯಾರು ನೋಡಿಕೊಳ್ಳುತ್ತಾರೆಂದಳು. ಆಮೇಲೆ, ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳಿದಳು. ಆ ವಾರವೆಲ್ಲ ಪಾತ್ರೆ ತೊಳೆಯುವ ಕೆಲಸ ನಾತ್ಸುಮೆಗೆ ಬಿತ್ತು. ಚಿಜುರು ಅಂಗೈಗೆ ಮುಲಾಮು ಬಳಿದು, ಹತ್ತಿಯ ಕೈಗವಸು ಹಾಕಿಕೊಂಡು, ಎರಡೂ ಕೈಯನ್ನು ದೇವರ ಮೂರ್ತಿಯ ಹಾಗೆ ಮುಂದಕ್ಕೆ ಹಿಡಿದು ಓಡಾಡಿದಳು.

"ಅಮ್ಮಾ, ಅಷ್ಟೊಂದು ಬೈತಿದ್ದ ಸೇಬು ಹೆಚ್ಚೋ ಪಾತ್ರವೇ ಮೇಲು," ಎಂದಳು ನಾತ್ಸುಮೆ ನೊರೆಯಲ್ಲಿ ಮೊಣಕೈವರೆಗೆ ಮುಳುಗಿ. "ಅದಕ್ಕೆ ಮುಖವಾದ್ರೂ ತೋರಿಸ್ತಾರೆ."

"ಮುಖ ಬೇಡ ಬಿಡೇ," ಎಂದಳು ಚಿಜುರು.

ಗೋದಾಮಿನಲ್ಲಿ ಬಣ್ಣ ಹಚ್ಚುವವಳು ಅವಳ ಕೈಗೆ ಪ್ರಾಯ ತಂದಳು. ಮೈಮೇಲೆ ಕಪ್ಪು ಬಟ್ಟೆ ಹೊದಿಸಿದರು. ಎದುರಲ್ಲಿ ಮೊರಿಯೋ, ಅವನಿಗೂ ಕಪ್ಪು ಬಟ್ಟೆ. ನಡುವೆ ಬೋಗುಣಿ. ಹೊರಲೋಕವೆಲ್ಲ ಕತ್ತಲು, ನಾಲ್ಕು ಕೈಗಳಿಗೆ ಮಾತ್ರ ಬೆಳಕು.

"ನಿಧಾನಕ್ಕೆ," ಎಂದ ನಿರ್ದೇಶಕ. "ಬಿಟ್ಟು ಹೋಗ್ತಿರೋ ಹುಡುಗೀನ ತಡೀಬೇಕು. ಬಾಯಲ್ಲಿ ಹೇಳಲಾಗದ್ದನ್ನೆಲ್ಲ ಕೈ ಹೇಳ್ಬೇಕು. ಶುರು!"

ಮೊರಿಯೋನ ಕೈ ಬಂತು. ಅವಳ ಕೈಯ ಮೇಲೆ ಕೂತಿತು. ಭಾರವಾಗಿತ್ತು, ಒದ್ದೆಯಾಗಿತ್ತು, ಅವಳು ದಿನವೂ ನೋಡುವ ಕೈಯೇ. ಆದರೂ ಚಿಜುರುವಿನ ಎದೆಯಲ್ಲಿ, ಎಷ್ಟೋ ವರ್ಷದಿಂದ ಮಡಚಿಟ್ಟಿದ್ದ ಏನೋ ಒಂದು ಬಿಚ್ಚಿಕೊಳ್ಳತೊಡಗಿತು. ಅವಳು ಕಣ್ಣು ಮುಚ್ಚಿದಳು.

"ಕಟ್! ಯಜಮಾನ್ರೇ, ಚಳಿನಾ?"

ಮೊರಿಯೋನ ಕೈ ನಡುಗುತ್ತಿತ್ತು. ಸೊಟ್ಟ ಕಿರುಬೆರಳಿನಿಂದ ಶುರುವಾಗಿ ಮಣಿಕಟ್ಟಿನವರೆಗೂ ನಡುಗುತ್ತಿತ್ತು.

ಬೆಂಕಿಯ ಒಲೆ ತಂದಿಟ್ಟರು. ಮತ್ತೆ ಶುರು. ಮತ್ತೆ ನಡುಕ. ಬಿಸಿ ಚಹಾ ಕುಡಿಸಿದರು. ಈಗ ಎರಡು ಕೈಯೂ ನಡುಗಿದವು. ಬೋಗುಣಿಯೇ ಗಡಗಡ ಎಂದಿತು.

"ಕುವಬಾರಾ ಜೊತೆ ಒಂದೇ ಸಲಕ್ಕೆ ಮುಗಿದಿತ್ತಲ್ರೀ!" ಎಂದು ನಿರ್ದೇಶಕ ತಲೆಗೆ ಕೈ ಹಚ್ಚಿದ. "ಹೀಗಾದ್ರೆ ನೋಡೋರು ನಾಯಕನಿಗೆ ಚಳಿಜ್ವರ ಅಂದ್ಕೋತಾರೆ!"

ಮೊರಿಯೋ ತಲೆ ಎತ್ತಲಿಲ್ಲ. ಕಪ್ಪು ಬಟ್ಟೆಯ ಮೇಲೆ ಅವನ ಎರಡು ಕಿವಿ ಕೆಂಪಗೆ ಕಾಣುತ್ತಿದ್ದವು. ಇನ್ನೂ ಒಂದೆರಡು ಸಲ ನೋಡಿ, ನಿರ್ದೇಶಕ ಚಿಜುರುವಿನ ಮುಂದೆ ಬಂದು ಸೊಂಟ ಬಾಗಿಸಿ ವಂದಿಸಿದ.

"ಅಮ್ಮಾ, ತಪ್ಪು ತಿಳೀಬೇಡಿ. ನಿಮ್ಮ ಕೈ ಚೆನ್ನಾಗಿದೆ. ಆದ್ರೆ ನೀವಿದ್ರೆ ಇವರ ಹತ್ರ ಪ್ರೇಮ ಮಾಡ್ಸೋಕಾಗಲ್ಲ."

ಚಿತ್ರೀಕರಣದ ವ್ಯಾನಿನ ಚಾಲಕ ಓಬಾತಾನನ್ನು ಕರೆತಂದರು. ದುಂಡು ದುಂಡಾದ ಕೈ, ಆದರೆ ಬಣ್ಣ ಹಚ್ಚಿ ಓರೆಯಾಗಿ ಹಿಡಿದರೆ ನಡೆಯುತ್ತದೆಂದರು. ಚಿಜುರುವಿನ ಕೈಗೆ ಬೆಳಕು ಬೀಳಿಸುವ ಬಿಳಿ ಹಲಗೆಯೊಂದನ್ನು ಕೊಟ್ಟು ಬದಿಗೆ ನಿಲ್ಲಿಸಿದರು. ಮೊರಿಯೋ ಓಬಾತಾನ ಕೈ ಹಿಡಿದ. ಬಂಡೆಯಂತೆ ಹಿಡಿದ, ಹೂವಿನಂತೆ ಹಿಡಿದ, ಬಾಯಲ್ಲಿ ಹೇಳಲಾಗದ್ದನ್ನೆಲ್ಲ ಓಬಾತಾನಿಗೆ ಹೇಳಿದ. ಬೆರಳ ತುದಿಯೂ ಅಲುಗಲಿಲ್ಲ. ಇಶ್ಶಿಕಿ ಕಣ್ಣೊರೆಸಿಕೊಂಡಳು. ಅಲುಗಿದ್ದು ಚಿಜುರುವಿನ ಹಲಗೆಯೊಂದೇ, ಅದಕ್ಕೂ ಬೈಸಿಕೊಂಡಳು.

ಸಂಜೆ ಓಬಾತಾನೇ ಇಬ್ಬರನ್ನೂ ವ್ಯಾನಿನಲ್ಲಿ ಮನೆಗೆ ಬಿಡಲು ಹೊರಟ. ಶಿಂಜಿ ಸರೋವರದ ಪಕ್ಕದ ರಸ್ತೆ. ನೀರಿನ ಮೇಲೆ ಕೆಂಪು ಬಿದ್ದಿತ್ತು. ಧಾರಾವಾಹಿಯಾಗಿದ್ದರೆ ಇಲ್ಲಿಗೆ ಪಿಟೀಲು ಬರಬೇಕಿತ್ತು. ಬಂದದ್ದು ಓಬಾತಾನ ನಿಟ್ಟುಸಿರು.

"ಅಮ್ಮಾ, ನಿಮ್ಮ ಪುಣ್ಯ. ನನ್ನ ಜನ್ಮದಲ್ಲಿ ನನ್ನನ್ನ ಯಾರೂ ಹಾಗೆ ಹಿಡಿದಿಲ್ಲ."

ಚಿಜುರು ಬಣ್ಣ ತೊಳೆದು ಮತ್ತೆ ಕೆಂಪಾದ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು.

"ರೀ, ಅವರ ಜೊತೆ ಎಲ್ಲ ಸರಿಯಾಗೇ ಮಾಡಿದ್ರಿ. ನನ್ನ ಜೊತೆ ಯಾಕೆ ಹಾಗಾಯ್ತು?"

ಮೊರಿಯೋ ಕಿಟಕಿಯ ಆಚೆ ನೋಡುತ್ತಿದ್ದ. ಸರೋವರ ಅರ್ಧ ಸರಿದುಹೋಯಿತು. ಇನ್ನು ಉತ್ತರ ಬರುವುದಿಲ್ಲವೆಂದು ಅವಳು ಕೈಬಿಟ್ಟ ಮೇಲೆ ಬಂತು.

"ಅದು ನಿನ್ನ ಕೈ ಅಲ್ವಾ."

ಅಷ್ಟು ಹೇಳಿ, ಅಷ್ಟಕ್ಕೇ ದಣಿದವನಂತೆ ಅವನು ಸೀಟಿಗೆ ತಲೆಯೊರಗಿಸಿ ಗೊರಕೆ ಹೊಡೆಯಲು ತೊಡಗಿದ. ಅವನ ಗೊರಕೆಯನ್ನು ಇಷ್ಟು ವರ್ಷ ಕೇಳಿದವಳಿಗೆ ಇದು ಆ ಗೊರಕೆಯಲ್ಲವೆಂದು ತಿಳಿಯದೇ? ಚಿಜುರು ಅವನ ಮಂಡಿಯ ಮೇಲಿದ್ದ ಕೈಯನ್ನು ತಾನೇ ಎತ್ತಿ ಹಿಡಿದುಕೊಂಡಳು. ಗೊರಕೆ ನಿಲ್ಲಲಿಲ್ಲ. ಕೈ ಮಾತ್ರ ನಡುಗತೊಡಗಿತು.

ಅವಳು ಬಿಗಿಯಾಗಿ ಹಿಡಿದಳು. ಮುಖ ಎತ್ತಿದರೆ ಕನ್ನಡಿಯಲ್ಲಿ ಓಬಾತಾನ ಎರಡು ಕಣ್ಣು.

"ಬೆಚ್ಚಗಿದೆ ಅಲ್ವಾ ಅಮ್ಮಾ?"

"ರಸ್ತೆ ನೋಡಪ್ಪಾ ನೀನು," ಎಂದಳು ಚಿಜುರು.