ಆಡದವರ ಆರು ಸಹಿ

ಗೇಮನ್ನು ಕೊನೆಯವರೆಗೆ ಸ್ವತಃ ಆಡಿ ಮುಗಿಸದೆ ಯಾರೂ ಒಪ್ಪಿಗೆಯ ಸಹಿ ಹಾಕಕೂಡದು. ಈ ನಿಯಮ ಬರೆದವನು ನಾನು. ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಲಿಫ್ಟಿನ ಪಕ್ಕ ಅಂಟಿಸಿದವನೂ ನಾನೇ. ಮುರಿದ ಆರು ಮಂದಿಯಲ್ಲಿ ಆರನೆಯವನೂ ನಾನೇ. ಶಿಸ್ತಿನ ಮನುಷ್ಯ ಅನ್ನಿಸಿಕೊಂಡವನ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಬೇರೆಯವರು ಜಾರಿ ಬಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ನಮ್ಮಂಥವರು ಬಿದ್ದರೆ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಾರೆ.

ನಮ್ಮ ಕಂಪನಿ ಇರುವುದು ಮುಂಬಯಿಯ ಮಲಾಡಿನಲ್ಲಿ. ಸಿನಿಮಾ, ಧಾರಾವಾಹಿಗಳನ್ನು ಇಂಟರ್‌ನೆಟ್ ಮೂಲಕ ಜನರ ಮೊಬೈಲಿಗೆ, ಟೀವಿಗೆ ಮುಟ್ಟಿಸುವುದು ಅದರ ಕಸುಬು. ಪರದೆಯ ಕೆಳಗೆ ಓಡುವ ಸಬ್‌ಟೈಟಲ್‌ಗಳ ತಪ್ಪು ಹಿಡಿಯುವುದು ನನ್ನ ಕೆಲಸವಾಗಿತ್ತು. ಆ ಕೆಲಸ ಕಂಪ್ಯೂಟರಿನ ಪಾಲಾದ ದಿನ ಬಾಸ್ ಕರೆದು ಹೇಳಿದರು: "ನಾವೀಗ ವಿಡಿಯೊ ಗೇಮಿಗೂ ಇಳಿಯುತ್ತಿದ್ದೇವೆ. ಮೊದಲ ಗೇಮ್ ಹೇಳಿದ ದಿನಕ್ಕೆ ಹೊರಬಂದರೆ ಅದರ ಕ್ವಾಲಿಟಿ ಹೆಡ್ ನೀವೇ. ಬರದಿದ್ದರೆ ನಿಮ್ಮ ಬಗ್ಗೆ ಯೋಚಿಸಬೇಕಾಗುತ್ತದೆ."

ನಮ್ಮ ಆಫೀಸಿನಲ್ಲಿ ಒಬ್ಬರ ಬಗ್ಗೆ ಯೋಚಿಸಲು ಶುರುಮಾಡಿದರೆ ವಾರದೊಳಗೆ ಬೀಳ್ಕೊಡುಗೆಯ ಕೇಕ್ ಬರುತ್ತದೆ. ನನಗೆ ವಯಸ್ಸು ಐವತ್ತಾರು, ಸಕ್ಕರೆ ಕಾಯಿಲೆ ಬೇರೆ. ಕೇಕ್ ಯಾವ ರೀತಿಯಲ್ಲೂ ಒಗ್ಗುವುದಿಲ್ಲ.

೧. ಕಷ್ಟ ತೆಗೆದ ಮೇಲೆ

ಗೇಮ್ ತಯಾರಿಸುವ ತಂಡಕ್ಕೆ ಮುಖ್ಯಸ್ಥೆಯಾಗಿ ಒಬ್ಬ ಹುಡುಗಿ ಬಂದಳು. ಸಯನ್ನಿನಲ್ಲೇ ಹುಟ್ಟಿ ಬೆಳೆದ ಕನ್ನಡದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಬರುವಾಗ ಮಾತ್ರ ಅರ್ಧ ಹಿಂದಿಯಾಗಿರುತ್ತದೆ. ಅವಳ ಗೇಮಿನಲ್ಲಿ ಆಫೀಸಿಗೆ ಹೊರಟ ಒಬ್ಬಾತ ಬೆಳಗಿನ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಏಳು ಹಂತ ದಾಟಿ ಚರ್ಚ್‌ಗೇಟಿನಲ್ಲಿ ಇಳಿಯಬೇಕು.

ಮೊದಲ ಮೀಟಿಂಗಿನಲ್ಲೇ ಬಾಸ್ ಕೇಳಿದರು, "ಒಟ್ಟು ಎಷ್ಟು ನಿಮಿಷದ್ದು?"

"ಆಡುವವರ ಮೇಲೆ ಡಿಪೆಂಡ್, ಸರ್."

"ಹೀರೊ ಗಾಡಿ ತಪ್ಪಿಸಿಕೊಂಡರೆ?"

"ಗೇಮ್ ಓವರ್. ಫಿರ್ ಸೆ ಆಡಬೇಕು."

"ಅರೆ! ಎರಡನೇ ನಿಮಿಷಕ್ಕೇ ಹೀರೊ ಸೋತರೆ ಜನ ಬೇರೆ ಏನಾದರೂ ಹಾಕ್ಕೊಂಡು ನೋಡ್ತಾರಲ್ಲ!"

ಹತ್ತು ವರ್ಷ ಧಾರಾವಾಹಿ ಮಾರಿದ ನಾವೆಲ್ಲ ಗಂಭೀರವಾಗಿ ತಲೆಯಾಡಿಸಿದೆವು. ನಾನು ಎದ್ದುನಿಂತು ಸಲಹೆಯನ್ನೂ ಕೊಟ್ಟೆ: ಧಾರಾವಾಹಿಗೆ ಇರುವಂತೆ ಇದಕ್ಕೂ ಒಂದು ಸ್ಕಿಪ್ ಬಟನ್ ಇರಲಿ, ಕಷ್ಟದ ಭಾಗ ಬಂದಾಗ ಒತ್ತಿ ಮುಂದಕ್ಕೆ ಹೋಗಲಿ. ಹುಡುಗಿ ಅದನ್ನು ಹಾಗೆಯೇ ಬರೆದುಕೊಂಡಳು.

ಮುಂದಿನ ವಾರ ಬಾಸ್ ಎಲ್ಲರ ಎದುರು ಆಡಲು ಕೂತರು. ಏಳು ಸಲ ಸ್ಕಿಪ್ ಒತ್ತಿದರು. ಪರದೆಯ ಮೇಲೆ ಪಟಾಕಿ ಸಿಡಿದು 'ಅಭಿನಂದನೆಗಳು' ಬಂತು. ಚಹಾಕ್ಕೆ ಸಕ್ಕರೆ ಕಲಕುತ್ತಿದ್ದವರ ಚಮಚ ಇನ್ನೂ ನಿಂತಿರಲಿಲ್ಲ.

"ಇಷ್ಟೇನಾ?" ಎಂದರು ಬಾಸ್.

"ಕಷ್ಟ ತೆಗೆದ ಮೇಲೆ ಬಾಕಿ ಇಷ್ಟೇ, ಸರ್," ಎಂದಳು ಹುಡುಗಿ.

೨. ದಾದರ್‌ನಲ್ಲಿ ನಾನು

ಸ್ಕಿಪ್ ಬಟನ್ ಅಂದೇ ಹೋಯಿತು. ಇನ್ನು ನನ್ನ ನಿಯಮದ ಪ್ರಕಾರ ನಾನೇ ಆಡಬೇಕು. ಆಡಿದೆ. ಎರಡನೇ ಹಂತವಾದ ದಾದರ್ ಸ್ಟೇಷನ್ನಿನಲ್ಲಿ ಒಂಬತ್ತು ಸಲ ಸೋತೆ.

ಹುಡುಗಿ ಬಂದು ನನ್ನ ಹೆಗಲ ಹಿಂದೆ ನಿಂತಳು. "ಸರ್, ನಿಮ್ಮ ಹೀರೊ ಸುಮ್ಮನೆ ಯಾಕೆ ನಿಂತಿದ್ದಾನೆ?"

"ಇಳಿಯುವವರು ಮೊದಲು ಇಳಿಯಲಿ ಅಂತ."

"ಇಳಿಯೋದು ಮುಗಿಯೋ ಹೊತ್ತಿಗೆ ಗಾಡಿ ಹೊರಟೇ ಹೋಗುತ್ತೆ. ಥೋಡಾ ತಳ್ಳಿ, ಸರ್."

ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಪಾದ್ರಿಗಳು ನನಗೆ ಕಲಿಸಿದ್ದರಲ್ಲಿ ಇಂದಿಗೂ ಉಳಿದಿರುವುದು ಎರಡೇ: ಸಾಲಿನಲ್ಲಿ ನಿಲ್ಲುವುದು ಮತ್ತು ಶೂ ಪಾಲಿಶ್ ಮಾಡುವುದು. "ನೋಡಮ್ಮ," ಎಂದೆ, "ಮೂವತ್ತು ವರ್ಷದಿಂದ ಲೋಕಲ್‌ನಲ್ಲಿ ಓಡಾಡುತ್ತಿದ್ದೇನೆ. ಇದುವರೆಗೆ ಒಬ್ಬರನ್ನೂ ತಳ್ಳಿದವನಲ್ಲ."

"ಹಾಗಾದ್ರೆ ದಿನಾ ದಾದರ್‌ನಲ್ಲಿ ಗಾಡಿ ಹೇಗೆ ಹತ್ತುತ್ತೀರಿ?"

ನಾನು ಪ್ರಾಮಾಣಿಕ. ಇದ್ದದ್ದನ್ನು ಹೇಳಿಬಿಟ್ಟೆ: "ಹಿಂದಿನವರು ತಳ್ಳುತ್ತಾರೆ."

೩. ತತ್ವವೆಂದರೆ ತತ್ವ

ಗೇಮ್ ಹೊರಬರಲು ಏಳು ಸಹಿ ಬೇಕಿತ್ತು. ಬಾಸ್ ಮೊದಲ್ಗೊಂಡು ನನ್ನವರೆಗೆ ಆಫೀಸಿನ ಆರು ಮಂದಿಯದು, ಏಳನೆಯದು ಮನೆಯಲ್ಲಿ ಆಡುವ, ಅರವತ್ತು ದಾಟಿದ ಒಬ್ಬರದು. ಮೂರೇ ದಿನದಲ್ಲಿ ಐದು ಸಹಿ ಬಿದ್ದವು. ನನಗೆ ಸಂಶಯ ಬಂತು. ಜಾಹೀರಾತು ವಿಭಾಗದ ಮುಖ್ಯಸ್ಥರ ಕೋಣೆಗೆ ಹೊಕ್ಕರೆ, ಆತ ಕಾಲು ಚಾಚಿ ಕೂತು ಕಡಲೆಕಾಯಿ ತಿನ್ನುತ್ತಾ, ಹುಡುಗಿಯ ತಂಡದವರು ತಾವು ಆಡಿ ರೆಕಾರ್ಡ್ ಮಾಡಿದ್ದ ವಿಡಿಯೊ ನೋಡುತ್ತಿದ್ದರು. ಅದೂ ಎರಡರಷ್ಟು ವೇಗದಲ್ಲಿ. ನಮ್ಮಲ್ಲಿ ಧಾರಾವಾಹಿಗಳನ್ನು ಪಾಸು ಮಾಡುವ ರೂಢಿಯೇ ಹಾಗೆ.

"ಇದು ನೋಡುವುದಲ್ಲ ಸ್ವಾಮಿ, ಆಡುವುದು!" ಎಂದು ಗುಡುಗಿದೆ. "ನಿಯಮ ಓದಿಲ್ಲವೇ? ಕಂಪನಿಗೆ ಮಾಡುವ ಮೋಸವಿದು!"

ಇಡೀ ಮಹಡಿಗೆ ಕೇಳಿಸಿತು. ಆತ ಕಡಲೆಕಾಯಿ ಕೆಳಗಿಟ್ಟು ಕ್ಷಮೆ ಕೇಳಿದರು. ನಾನು ಕೋಟಿನ ಗುಂಡಿ ಹಾಕಿಕೊಂಡು ನನ್ನ ಕೋಣೆಗೆ ಬಂದೆ. ದಾದರ್ ಇನ್ನೂ ದಾಟಿರಲಿಲ್ಲ. ಕೇಕ್ ಕಣ್ಣೆದುರು ಬಂತು. ಬಾಗಿಲು ಹಾಕಿ ಅದೇ ವಿಡಿಯೊ ಹಚ್ಚಿದೆ.

ಆದರೆ ನಾನು ಅವರಂಥವನಲ್ಲ. ಸಹಜ ವೇಗದಲ್ಲೇ ನೋಡಿ ಸಹಿ ಹಾಕಿದೆ.

೪. ಏಳನೆಯವರು

ಏಳನೆಯ ಸಹಿಗೆ ನಾನು ಗೊತ್ತುಮಾಡಿದ್ದು ನನ್ನ ಅತ್ತೆಯವರನ್ನು. ಉಡುಪಿ ಕಡೆಯವರು. ಲೋಕಲ್ ರೈಲಿನ ಲೇಡೀಸ್ ಡಬ್ಬಿಗಳಲ್ಲಿ ಟಿಕೆಟ್ ಪರೀಕ್ಷೆ ಮಾಡಿ ನಿವೃತ್ತರಾಗಿ, ಸಯನ್ನಿನ ನಮ್ಮ ಫ್ಲ್ಯಾಟಿನಲ್ಲೇ ಇದ್ದಾರೆ. ಮನೆಯವರು, ಒಂದು ಮಾತು ಹೇಳಿದರೆ ಸಹಿ ಹಾಕಿಬಿಡುತ್ತಾರೆ ಎಂದುಕೊಂಡಿದ್ದೆ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಮನುಷ್ಯನಿಗೆ ಬುದ್ಧಿ ಬರುವುದಿಲ್ಲ.

ಮೊದಲ ದಿನವೇ ಮೊಬೈಲ್ ಕೆಳಗಿಟ್ಟು ಕೇಳಿದರು, "ಇವ ಟಿಕೆಟ್ ತೆಗೊಂಡಿದ್ದಾನಾ?"

"ಅತ್ತೆ, ಇದು ಗೇಮ್."

"ಗೇಮ್ ಆದ್ರೆ ಎಂತ? ಗಾಡಿ ಗಾಡಿಯೇ ಅಲ್ವಾ?"

ಹುಡುಗಿಗೆ ಫೋನ್ ಮಾಡಿದೆ. ಪಾಪ, ಹೀರೊನ ಕೈಗೆ ಒಂದು ತಿಂಗಳ ಪಾಸ್ ಕೊಡಿಸಿ ಗೇಮನ್ನು ಮತ್ತೆ ಕಳಿಸಿದಳು. ಅತ್ತೆ ಕನ್ನಡಕ ಮೂಗಿನ ತುದಿಗೆ ಇಳಿಸಿ ತಾರೀಕು ನೋಡಿ, "ಹ್ಞೂಂ, ಹೋಗು" ಎಂದು ಅವನನ್ನು ಬಿಟ್ಟರು. ದಾದರ್ ಒಂದೇ ಸಲಕ್ಕೆ ದಾಟಿದರು. "ಹತ್ತುವಾಗ ಯಾರ ಮುಖವೂ ನೋಡ್ಲಿಕ್ಕಿಲ್ಲ, ಅಳಿಯಂದಿರೇ. ನೋಡಿದ್ರೆ ದಾಕ್ಷಿಣ್ಯ ಬರ್ತದೆ."

ಆರು ಹಂತ ಹೀಗೇ ಮುಗಿಯಿತು. ಏಳನೆಯದರಲ್ಲಿ ನಾಲ್ಕು ದಿನ ಕಳೆಯಿತು. ಸೋಮವಾರ ಗೇಮ್ ಹೊರಬರಬೇಕು, ಶನಿವಾರ ಮಧ್ಯಾಹ್ನ ಬಾಸ್ ಫೋನ್ ಮಾಡಿದರು: "ಸಾಬ್, ಒಂದೇ ಒಂದು ಸಹಿ ಬಾಕಿ. ಅದೂ ನಿಮ್ಮ ಮನೆಯದು."

ಫಾರ್ಮು, ಪೆನ್ನು ಹಿಡಿದು ಅತ್ತೆಯ ಎದುರು ನಿಂತೆ. "ಇಲ್ಲೊಂದು ಸಹಿ, ಅತ್ತೆ."

"ಮುಗೀಲಿಲ್ಲ."

"ಹೆಚ್ಚುಕಡಿಮೆ ಮುಗಿದ ಹಾಗೇ ಅಲ್ಲವೇ?"

"ಹೆಚ್ಚುಕಡಿಮೆ ಟಿಕೆಟ್ ಅಂತ ಉಂಟಾ?"

ಹೆಂಡತಿ ಅಡುಗೆಮನೆಯಿಂದ ಬಂದಳು. "ಹಾಕಿಬಿಡಿ ಅಮ್ಮ. ಕೆಲಸ ಹೋದ್ರೆ ಇವರು ಇಡೀ ದಿನ ಮನೆಯಲ್ಲೇ ಇರ್ತಾರೆ."

ಅತ್ತೆ ಹಿಂಜರಿದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆದರೂ ಸಾವರಿಸಿಕೊಂಡರು. "ಚರ್ಚ್‌ಗೇಟ್ ಬರ್ತದೆ, ಗಾಡಿ ನಿಲ್ತದೆ. ಬಾಗಿಲೇ ತೆಗಿಯುದಿಲ್ಲ. ನಾಲ್ಕು ದಿನದಿಂದ ಈ ಜನ ಒಳಗೇ ಇದ್ದಾರೆ."

ಮೊಬೈಲ್ ಇಸಿದುಕೊಂಡು ನೋಡಿದೆ. ನಿಜ. ಹುಡುಗಿಗೆ ಫೋನ್ ಹಚ್ಚಿ, "ವಿಡಿಯೊದಲ್ಲಿ ಹೀರೊ ಇಳಿದಿದ್ದನಲ್ಲ?" ಎಂದೆ. ಅತ್ತ ಕಡೆ ಕೀಬೋರ್ಡು ಟಕಟಕ ಅಂದು ನಿಂತಿತು. "ಸರ್, ಆ ವಿಡಿಯೊ ಪುರಾನಾ ಗೇಮಿನದು. ಆಮೇಲೆ ನಾವು ಎಸಿ ಲೋಕಲ್ ಹಾಕಿದ್ದು, ತಾನಾಗಿ ತೆರೆಯೋ ಬಾಗಿಲಿನದು. ಲಾಸ್ಟ್ ಸ್ಟೇಷನ್‌ನಲ್ಲಿ ಜಾಮ್ ಆಗಿದೆ... ಲೇಕಿನ್ ಸರ್, ನೀವು ಆರೂ ಜನ ಮುಗಿಸಿದ್ದೀರಿ ಅಂತ ಸಹಿ ಇದೆಯಲ್ಲ?"

ಅಷ್ಟರಲ್ಲಿ ಅತ್ತೆ ಫಾರ್ಮು ಎತ್ತಿಕೊಂಡು, ನನ್ನ ಸಹಿಯ ಮೇಲೆ ನಾನು ಇಂಗ್ಲಿಷಿನಲ್ಲಿ ಬರೆದಿದ್ದ ಅಭಿಪ್ರಾಯವನ್ನು ನಿಧಾನವಾಗಿ ಕನ್ನಡಕ್ಕಿಳಿಸಿ ಮಗಳಿಗೆ ಕೇಳುವಂತೆ ಓದುತ್ತಿದ್ದರು: "'ಕೊನೆಗೆ ರೈಲಿನಿಂದ ಇಳಿದು ಚರ್ಚ್‌ಗೇಟಿನ ನೆಲ ಮುಟ್ಟಿದಾಗ ನನ್ನ ಕಣ್ಣು ತುಂಬಿ ಬಂತು.' ನೀವು ಬರೆದದ್ದಾ?"

"ಹೌದು."

"ಎಲ್ಲಿಂದ ಇಳಿದ್ರಿ?"

"ಅತ್ತೆ, ಇದು ಸೋಮವಾರ ಹೊರಬರದಿದ್ದರೆ ನನ್ನ ನೌಕರಿ ಉಳಿಯುವುದಿಲ್ಲ," ಎಂದೆ.

"ಗೊತ್ತುಂಟು," ಎಂದರು. ತಮ್ಮ ಜಾಗ ಖಾಲಿ ಬಿಟ್ಟೇ ಫಾರ್ಮನ್ನು ಮಡಚಿ ನನ್ನ ಕೈಗಿತ್ತರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, ನನ್ನ ಅಂಗಿಯ ಜೇಬಿಗೆ ಸಿಕ್ಕಿಸಿದರು.

"ಇಟ್ಕೊಳ್ಳಿ. ನಿಮ್ಮ ಸಹಿಗೆ ಗೀಟು ಎಳೀಲಿಕ್ಕೆ ಬೇಕಾಗ್ತದೆ."